ಪದಕ್ಕೆ ಬರೆದ ಹೆಸರು

ಹೋದ ಶ್ರಾವಣದಲ್ಲಿ ಸಾಲಿಗ್ರಾಮದ ಬಸ್ಸು ಮಿರ್ಲೆ ದಾಟಿ ಒಂದು ಮೈಲಿ ಹೋಗಿ ಕೆಟ್ಟು ನಿಂತಿತು. ಡ್ರೈವರು ಬಾನೆಟ್ಟು ಎತ್ತಿ, ಒಳಗೆ ತಲೆ ತೂರಿಸಿ, “ಅರ್ಧ ಗಂಟೆ ಆಯ್ತದೆ, ಯಾರೂ ಗಲಾಟೆ ಮಾಡ್ಬೇಡಿ” ಎಂದ. ಅರ್ಧ ಗಂಟೆ ಒಂದೇ ಕಡೆ ಕೂತಿರುವುದು ನನ್ನ ಹಣೆಯಲ್ಲಿ ಬರೆದಿಲ್ಲ. ನನ್ನಾಕೆ ಬದುಕಿದ್ದಾಗ, ಇವರ ಕಾಲಿಗೆ ಚಕ್ರ ಕಟ್ಟಿದ್ದಾರೆ ಎಂದು ಬಂದವರ ಮುಂದೆಲ್ಲ ದೂರು ಹೇಳುತ್ತಿದ್ದಳು. ಕಿಟಕಿಯಿಂದ ಗದ್ದೆ ಕೆಸರಿನ ವಾಸನೆ ಬಂತು. ಬರೀ ಕೆಸರಲ್ಲ, ಆಗತಾನೇ ಕಿತ್ತ ಭತ್ತದ ಪೈರಿನ ಬೇರೂ ಅದರಲ್ಲಿ ಬೆರೆತಿತ್ತು. ಆ ವಾಸನೆ ಮೂಗಿಗೆ ಬಿದ್ದರೆ ನನಗೆ ಇವತ್ತಿಗೂ ಎದ್ದು ಹೊರಟುಬಿಡುವ ರೋಗ. ಮೂವತ್ತು ವರ್ಷದ ಮೇಲಾಯಿತು, ವಾಸಿಯಾಗಿಲ್ಲ. ಕೊಡೆ ಹಿಡಿದುಕೊಂಡು ಇಳಿದುಬಿಟ್ಟೆ.

ಆಗ ನಾನು ಪೊಲೀಸ್ ಪೇದೆ. ಮಹಾರಾಜರ ಕಾಲ, ಎಲ್ಲೋ ದೂರದಲ್ಲಿ ಯುದ್ಧ, ನಮ್ಮಲ್ಲಿ ಸೀಮೆಎಣ್ಣೆಗೆ ಬರ. ಬಾವುಟ ಹಿಡಿಯಬಾರದು, ಭಾಷಣ ಮಾಡಬಾರದು, ಗುಂಪು ಕಟ್ಟಿಕೊಂಡು ಮೆರವಣಿಗೆ ಹೊರಡಬಾರದು ಎಂದು ಊರೂರಲ್ಲಿ ತಮಟೆ ಹೊಡೆಸಿ ಸಾರಿದ್ದರು. ಆ ವರ್ಷದ ಮಳೆಗಾಲಕ್ಕೆ ನನ್ನನ್ನು ಕಾವೇರಿ ಕಾಲುವೆಯ ಕಡೆಯ ಒಂದು ಔಟ್‌ಪೋಸ್ಟಿಗೆ ಹಾಕಿದರು. ಅಲ್ಲಿ ಇದ್ದವರು ದಫೇದಾರರು, ನಾನು, ಮತ್ತು ಸೋರುವ ಒಂದು ಹೆಂಚಿನ ಮಾಡು.

ನನಗೆ ಕೆಲಸ ಸಿಕ್ಕಿದ್ದೇ ಅಕ್ಷರದಿಂದ. ನಮ್ಮದು ಹುಣಸೂರು. ನಮ್ಮ ಅಬ್ಬಾ ಅಲ್ಲಿ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರು, ಹಿತ್ತಾಳೆ ಬಿಂದಿಗೆ ತಪ್ಪಲೆಗಳ ಮೇಲೆ ಹೆಸರು ಕೊರೆದುಕೊಡುತ್ತಿದ್ದರು. ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ನಾನು ಚೀಟಿಯಲ್ಲಿ ಬರೆದುಕೊಟ್ಟದ್ದನ್ನು ನೋಡಿಕೊಂಡು ಉಳಿಯಲ್ಲಿ ಕುಟ್ಟುತ್ತಿದ್ದರು, ಒಂದು ಕೊಂಬು ತಪ್ಪುತ್ತಿರಲಿಲ್ಲ. “ಹೆಸರಿಲ್ಲದ ಪಾತ್ರೆ ಹೋದ್ರೆ ಹೋದಂಗೇ ಬೇಟಾ. ಹೆಸರಿದ್ರೆ ನೂರು ಪಾತ್ರೆ ನಡುವಿಂದಾನೂ ಮನೆಗೆ ಬರ್ತದೆ” ಎನ್ನುತ್ತಿದ್ದರು. ಹಾಗಾಗಿ ಯಾವ ವಸ್ತು ಕೈಗೆ ಬಂದರೂ ಇದು ಯಾರದು ಎಂದು ಕೇಳಿ, ಹೆಸರು ಬರೆದಿಡುವುದು ನನಗೆ ಉಸಿರಾಡಿದಷ್ಟೇ ಸಹಜವಾಗಿತ್ತು. ನನ್ನ ಕೇಡಿಗೆ ಅದೇ ಕಾರಣವಾಯಿತು. ನನ್ನ ಕೇಡಿನ ಮಾತಿರಲಿ, ಇನ್ನೊಬ್ಬಳ ಕೇಡಿಗೆ.

ಆ ವರ್ಷ ಬಾವುಟ ಭಾಷಣವೆಲ್ಲ ನಿಂತಿತ್ತು, ಆದರೆ ಗದ್ದೆಗಳಿಂದ ಸರ್ಕಾರವನ್ನು ಚುಚ್ಚುವ ಒಂದು ನಾಟಿ ಪದ ಹೊರಟಿತ್ತು. ಸೋಮವಾರ ಮಿರ್ಲೆ ಬಯಲಲ್ಲಿ ಕೇಳಿಸಿದ್ದು ಗುರುವಾರಕ್ಕೆ ಹೊಸ ಅಗ್ರಹಾರದ ಬಯಲಲ್ಲಿ ಇರುತ್ತಿತ್ತು. ನಾಟಿಗೆ ಹೋಗುವ ಹೆಂಗಸರು ಊರಿಂದೂರಿಗೆ ಅದನ್ನು ದಾಟಿಸುತ್ತಿದ್ದರು. ಮೇಲಿನವರಿಂದ ದಫೇದಾರರಿಗೆ ಕಾಗದ ಬಂತು. ಅವರು ನನ್ನನ್ನು ಕರೆದು, ಪ್ರತಿ ಹಾಳೆಗೂ ನಂಬರು, ಮೊಹರು ಬಿದ್ದಿದ್ದ ಒಂದು ಪುಸ್ತಕ ಕೊಟ್ಟರು.

“ಗಫಾರ್, ಹೊಂಗೆಕೊಪ್ಪಲಿಗೆ ಹೋಗು. ಬದಿನ ಮೇಲೆ ಕೂತ್ಕೊ. ಹೆಂಗಸ್ರು ಏನೇನು ಹಾಡ್ತಾರೋ ಎಲ್ಲಾ ಬರ್ಕೊ.”

“ಎಲ್ಲಾನೂ ಯಾಕೆ ಸಾರ್? ಆ ಒಂದು ಪದ ಸಾಕಲ್ವಾ?”

“ಯಾವುದರೊಳಗೆ ಏನು ಬಚ್ಚಿಟ್ಟವ್ರೋ ಯಾರಿಗೆ ಗೊತ್ತು? ಎಲ್ಲಾನೂ ಬರಿ.”

ಹೊಂಗೆಕೊಪ್ಪಲು ಕಾಲುವೆಯ ಕೆಳಗಿನ ಸಣ್ಣ ಊರು. ನಾನು ಹೋದಾಗ ಪುಷ್ಯ ಮಳೆ ಸೋನೆ ಹಿಡಿದಿತ್ತು. ಹನ್ನೆರಡು ಹೆಂಗಸರು ಕಂಬಳಿ ಕೊಪ್ಪೆ ಹೊದ್ದು, ಸಾಲಾಗಿ ಬಗ್ಗಿ, ಹಿಂದಕ್ಕೆ ಹೆಜ್ಜೆ ಇಡುತ್ತಾ ನೆಡುತ್ತಿದ್ದರು. ಎಡಗಡೆಯ ತುದಿಯಲ್ಲಿದ್ದವಳು ಒಂದು ಸೊಲ್ಲು ಎತ್ತಿದರೆ ಉಳಿದ ಹನ್ನೊಂದು ಬಾಯಿ ಅದನ್ನು ತಿರುಗಿ ಹೇಳುತ್ತಿದ್ದವು. ನಾನು ಬದುವಿನ ಮೇಲೆ ಗತ್ತಿನಿಂದ ನಾಲ್ಕು ಹೆಜ್ಜೆ ಹೋಗಿದ್ದೆನೋ ಇಲ್ಲವೋ, ಒಬ್ಬಳು ಓಡಿ ಬಂದು ಪೈರಿನ ಕಟ್ಟೊಂದನ್ನು ನನ್ನ ಕಾಲಿಗೆ ಅಡ್ಡ ಇಟ್ಟಳು.

“ದಾಟ್ಬೇಡಿ ಪೊಲೀಸಪ್ಪ” ಎಂದಳು ಎಡತುದಿಯವಳು, ಬಗ್ಗಿದ ಬೆನ್ನು ಎತ್ತದೆ. “ಇನಾಮು ಮಡುಗ್ಬುಟ್ಟು ದಾಟಿ. ಇಲ್ದಿದ್ರೆ ಒಂದ್ ಪದ ಏಳಿ. ಅದೂ ಬರಾಕಿಲ್ವಾ, ಇಳುದು ಒಂದ್ ಸಾಲು ನೆಡಿ.”

“ನಾನು ಸರ್ಕಾರದ ಕೆಲಸದ ಮೇಲೆ ಬಂದಿದೀನಿ.”

“ಸರ್ಕಾರ ಉಣ್ಣದೂ ಇದ್ನೇ ಅಲ್ವಾ? ಚಪ್ಲಿ ಬಿಚ್ಚಿ ಇಳೀರಿ.”

ನಾಟಿಯ ಕಾಲದಲ್ಲಿ ಆ ಸೀಮೆಯ ಕಟ್ಟಳೆ ಅದು. ದಾರಿಹೋಕ ಯಾರೇ ಆಗಲಿ, ಪೈರಿನ ಕಟ್ಟು ಅಡ್ಡ ಬಿದ್ದರೆ ಕೊಡಬೇಕು, ಹಾಡಬೇಕು, ಇಲ್ಲವೇ ನೆಡಬೇಕು. ಇನ್ನೂ ಒಂದು ಕಟ್ಟಳೆಯಿತ್ತು. ನಾಟಿ ಗದ್ದೆಯಲ್ಲಿ ಪದ ಕಟ್ಟಿ ಬೈದರೆ ಯಾರೂ ಸಿಟ್ಟು ಮಾಡಿಕೊಳ್ಳುವ ಹಾಗಿಲ್ಲ. ಪಟೇಲನನ್ನು ಬೈಯಬಹುದು, ಶಾನುಭೋಗನನ್ನು ಬೈಯಬಹುದು, ಪಕ್ಕದಲ್ಲೇ ನೆಡುತ್ತಿರುವ ಅತ್ತೆಯನ್ನೂ ಬೈಯಬಹುದು. ಸಂಜೆ ಕಾಲುವೆಯಲ್ಲಿ ಕಾಲು ತೊಳೆದರೆ ಬೈಗುಳವೂ ತೊಳೆದುಹೋಯಿತು. ನನ್ನ ಹತ್ತಿರ ಕಾಸಿರಲಿಲ್ಲ, ಪದ ಬರುತ್ತಿರಲಿಲ್ಲ. ಕಾಲಿಗೆ ಸುತ್ತಿದ್ದ ಪಟ್ಟಿ ಬಿಚ್ಚಿ ಮೊಣಕಾಲುದ್ದ ಕೆಸರಿಗೆ ಇಳಿದೆ. ನಾನು ನೆಟ್ಟ ಸಾಲು ಹಾವು ಹರಿದ ಹಾಗೆ ಹೋಯಿತು. ಎಡತುದಿಯವಳು ತಕ್ಷಣ ಸೊಲ್ಲು ಎತ್ತಿದಳು:

ಕೆಂಪು ಪೇಟದ ಗಂಡು ಬದಿನ್ ಮೇಲೆ ಕುಂತೌನೆ
ನೆಡೋದು ಬರದವ್ವ, ಬರೆಯೋದು ಬತ್ತದೆ
ಹೊಟ್ಟೆಗೆ ಕಾಗ್ದ ಉಂಡಾನೆ?

ಹನ್ನೊಂದು ಜನ ತಿರುಗಿ ಹೇಳಿದರು. ನಾನು ಬದುವಿಗೆ ಹತ್ತಿ, ಕೆಸರು ಕೈಯಲ್ಲೇ ಪುಸ್ತಕ ಬಿಚ್ಚಿ, ಅದನ್ನೂ ಬರೆದುಕೊಂಡೆ. ಆಜ್ಞೆ ಅಂದರೆ ಆಜ್ಞೆ.

ಅವಳ ಹೆಸರು ದ್ಯಾವಮ್ಮ. ಗಂಡ ಸತ್ತಿದ್ದ. ಮುದುಕಿ ಅತ್ತೆ, ಕಾಲುವೆ ತೂಬಿನ ಹತ್ತಿರ ಅರ್ಧ ಎಕರೆ ಗದ್ದೆ, ಅಷ್ಟೇ ಅವಳ ಬದುಕು. ತಮ್ಮನೊಬ್ಬ ಇದ್ದ, ಸಂತೆಯಲ್ಲಿ ನಿಂತು ಜವಾಬ್ದಾರಿ ಸರ್ಕಾರ ಬೇಕು ಎಂದು ಭಾಷಣ ಮಾಡಿ ಜೈಲಿಗೆ ಹೋಗಿದ್ದ. ಅವರದು ಮುಯ್ಯಾಳಿನ ನಾಟಿ. ಇವತ್ತು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು. ಅದರಲ್ಲಿ ಪದ ಹೇಳುವವಳ ಗದ್ದೆ ಯಾವಾಗಲೂ ಕೊನೆಗೆ. ಅವಳದು ಮೊದಲು ಮುಗಿದರೆ ಉಳಿದವರಿಗೆ ಬರುತ್ತಾಳೋ ಇಲ್ಲವೋ ಎಂದು ಹಿಂದೆ ಯಾರೋ ಮಾಡಿದ ಉಪಾಯವಿರಬೇಕು. ಹೀಗಾಗಿ ದ್ಯಾವಮ್ಮ ಸಸಿಗೆಂದು ಬಿತ್ತಿದ್ದ ಒಟ್ಲು ಪಾತಿಯಲ್ಲಿ ಪೈರು ಎಲ್ಲರಿಗಿಂತ ಹೆಚ್ಚು ದಿನ ಕಾಯಬೇಕಿತ್ತು. ಹೆಚ್ಚು ಕಾದರೆ ಪೈರು ಬಲಿಯುತ್ತದೆ, ಬಲಿತದ್ದನ್ನು ನೆಟ್ಟರೆ ಬುಡದಲ್ಲಿ ಮರಿ ಕವಲು ಬರುವುದಿಲ್ಲ, ತೆಂಡೆ ಒಡೆಯುವುದಿಲ್ಲ. ಅವಳು ದಿನಾ ಸಂಜೆ ಪಾತಿಯ ಹತ್ತಿರ ಹೋಗಿ ಎರಡು ಪೈರು ಕಿತ್ತು ಬೇರು ನೋಡಿ ಬರುತ್ತಿದ್ದಳು.

ನಾನು ಹತ್ತು ದಿನ ಹೋದೆ. ಮೊದಲ ಎರಡು ದಿನ ನೌಕರಿ, ಆಮೇಲೆ ನಿಜ ಹೇಳಬೇಕೆಂದರೆ ಹುಚ್ಚು. ಬೆಳಗಾದರೆ ಸಾಕು, ಕಾಲು ಹೊಂಗೆಕೊಪ್ಪಲಿನ ಕಡೆ ಎಳೆಯುತ್ತಿತ್ತು. ಬಸುರಿಯ ಬಯಕೆಯ ಪದ, ತವರಿನ ಪದ, ಇಲಿ ಬೆಕ್ಕಿನ ಮದುವೆಯ ಪದ, ಒಂದಕ್ಕಿಂತ ಒಂದು ಸೊಗಸು. ಒಂದು ಸೊಲ್ಲು ತಪ್ಪಿದರೆ, “ದ್ಯಾವಕ್ಕ, ಇನ್ನೊಂದು ಸಲ” ಎಂದು ಕೂಗುತ್ತಿದ್ದೆ. “ಇವ್ನ್ ಒಟ್ಟೆ ತಣ್ಣಗಾಗ, ಪೊಲೀಸೋ ಪಂತೋಜಿಯೋ?” ಎಂದು ನಗುತ್ತಾ ಮತ್ತೆ ಹೇಳುತ್ತಿದ್ದಳು. ಮಧ್ಯಾಹ್ನ ಅವರ ಮುದ್ದೆಯಲ್ಲಿ ನನಗೂ ಒಂದು ಪಾಲು ಬರುತ್ತಿತ್ತು. ಪ್ರತಿ ಪದವನ್ನೂ ದುಂಡಗೆ ಬರೆದು, ಕೆಳಗೆ ಗೆರೆ ಎಳೆದು, ‘ಹೇಳಿದವರು: ದ್ಯಾವಮ್ಮ, ಹೊಂಗೆಕೊಪ್ಪಲು’ ಎಂದು ಬರೆಯುತ್ತಿದ್ದೆ. ಇಷ್ಟು ಒಳ್ಳೆಯ ಸಾಮಾನಿಗೆ ಹೆಸರಿಲ್ಲದೆ ಹೇಗೆ? ಆ ಹೆಸರನ್ನು ಓದುವವರು ಯಾರು ಎಂದು ಒಂದು ದಿನವೂ ಯೋಚಿಸಲಿಲ್ಲ. ಅಂಥ ಜಾಣ ನಾನು.

ಒಂಬತ್ತನೆಯ ದಿನ ಆ ಪದ ಬಂತು. ಮಳೆ ಜೋರಾಗಿ, ಕಾಲುವೆ ತುಂಬಿ ಸದ್ದು ಮಾಡುತ್ತಿತ್ತು. ದ್ಯಾವಮ್ಮ ಒಮ್ಮೆ ನನ್ನ ಕಡೆ ನೋಡಿ, ಮತ್ತೆ ಬಗ್ಗಿ, ಎತ್ತಿದಳು:

ಬಾಯಿಗೆ ಬೀಗವ ಜಡಿದಾರೆ ನಮ್ಮವ್ವ
ಬಾಯಿಲ್ಲದ ನೀರು ಹಾಡ್ತಾದೆ
ನೀರ್ಗ್ಯಾವ ಬೇಡಿಯ ತೊಡಿಸ್ಯಾರು?

ಸರ್ಕಾರ ಹುಡುಕುತ್ತಿದ್ದ ಪದ ಇದೇ ಎಂದು ತಿಳಿಯಿತು. ಬರೆಯದೇ ಬಿಡಬಹುದಿತ್ತು. ಆದರೆ ಪುಸ್ತಕದಲ್ಲಿದ್ದ ಎಲ್ಲ ಪದಗಳಿಗಿಂತ ಇದೇ ಚೆನ್ನಾಗಿತ್ತು, ನನ್ನ ಕೈ ನಿಲ್ಲಲಿಲ್ಲ. ಬರೆದೆ. ಗೆರೆ ಎಳೆದೆ. ಹೆಸರೂ ಹಾಕಿದೆ.

“ಇದ್ನೂ ಬರ್ಕಂಡ್ಯಾ?” ಎಂದಳು ಊಟದ ಹೊತ್ತಿಗೆ. ಅಷ್ಟು ದಿನಕ್ಕೆ ನಾನು ಅವಳ ಬಾಯಲ್ಲಿ ‘ನೀನು’ ಆಗಿದ್ದೆ.

“ಬರ್ಕೊಂಡೆ ಅಕ್ಕ. ಆದ್ರೆ ಇದನ್ನ ಅವರಿಗೆ ಕೊಡಲ್ಲ. ಔಟ್‌ಪೋಸ್ಟಲ್ಲಿ ಮೊಹರಿನ ಇನ್ನೊಂದು ಪುಸ್ತಕ ಇದೆ, ಉಳಿದದ್ದನ್ನ ಅದಕ್ಕೆ ಇಳಿಸಿ ಕೊಡ್ತೀನಿ.”

“ನನ್ ತಮ್ಮ ಮಾತಾಡ್ದ, ಇಡ್ಕಂಡೋದ್ರು. ನಾನೇನ್ ಮಾತಾಡ್ತಿದ್ದೀನಾ? ನಾಟಿ ಮಾಡ್ತಿದ್ದೀನಿ. ಗದ್ದೇಲಿ ಆಡಿದ್ದು ಗದ್ದೇಲೇ ಕಣಪ್ಪ” ಎಂದು ಮುದ್ದೆ ಮುರಿದಳು.

ಇಳಿಸುವುದಕ್ಕೆ ಪುರಸೊತ್ತೇ ಸಿಗಲಿಲ್ಲ. ಮಾರನೆಯ ದಿನ ಔಟ್‌ಪೋಸ್ಟಿಗೆ ಮರಳುವಾಗ ದಫೇದಾರರು ಬಾಗಿಲಲ್ಲೇ ಕೈ ಚಾಚಿದರು. ಮೇಲಿನವರು ಬಂದು ಕೂತಿದ್ದಾರಂತೆ, ಈಗಲೇ ಬೇಕಂತೆ. ಹಾಳೆ ಹರಿಯೋಣವೆಂದರೆ ನಂಬರು ಬಿದ್ದಿದೆ. ಅವರು ನಿಂತಲ್ಲೇ ತಿರುವಿ ಹಾಕಿದರು. “ಭೇಷ್! ಹೆಸರೂ ಬರೆದಿದೀಯಲ್ಲೋ! ನಾನು ಹೇಳೇ ಇರ್ಲಿಲ್ಲ!” ಎಂದು ಬೆನ್ನು ತಟ್ಟಿದರು. ಮುಚ್ಚುಮರೆ ಯಾಕೆ, ಬೆನ್ನು ತಟ್ಟಿದ ಆ ಒಂದು ಗಳಿಗೆ ನನಗೆ ಖುಷಿಯಾಯಿತು. ಆಮೇಲೆ ಅವರ ಬೆರಳು ಒಂಬತ್ತನೆಯ ದಿನದ ಆ ಹಾಳೆಯ ಮೇಲೆ ನಿಂತಿತು.

ಕಚೇರಿಗೆ ಅವಳನ್ನು ಕರೆಸಲು ಐದು ದಿನವಾಯಿತು. ಆ ಐದು ದಿನ ನಾನು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಎರಡು ಸಲ ಹೊಂಗೆಕೊಪ್ಪಲಿಗೆಂದು ಹೊರಟು ಕಾಲುವೆಯ ಸೇತುವೆಯವರೆಗೂ ಹೋಗಿ ಮರಳಿದೆ. ಹೋಗಿ ಏನು ಹೇಳುವುದು? ಓಡಿಹೋಗು ಎಂದರೆ ಅರ್ಧ ಎಕರೆ ಗದ್ದೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಓಡುತ್ತಾಳೆಯೆ? ಯಾರಾದರೂ ರಸ್ತೆಯಲ್ಲಿ ಸುಮ್ಮನೆ ನಕ್ಕರೆ ನನ್ನನ್ನೇ ನೋಡಿ ನಕ್ಕರೆನಿಸುತ್ತಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಹೇಗೆಂದು ಆಗ ತಿಳಿಯಿತು.

ಅಮಲ್ದಾರರೇ ಮ್ಯಾಜಿಸ್ಟ್ರೇಟರು. ವಯಸ್ಸಾದವರು, ಸೌಮ್ಯ ಸ್ವಭಾವ, ಮಳೆಗೆ ನೆಗಡಿಯಾಗಿ ಮೂಗು ಒರೆಸಿಕೊಳ್ಳುತ್ತಿದ್ದರು. ದ್ಯಾವಮ್ಮ ಒಬ್ಬಳೇ ಬರಲಿಲ್ಲ. ಉಳಿದ ಹನ್ನೊಂದು ಜನ ಕಾಲಿನ ಕೆಸರಿನ ಸಮೇತ ಬಂದು ಅವಳ ಹಿಂದೆ ನಿಂತರು.

“ಈ ಪದ ಯಾರು ಕಟ್ಟಿದ್ದು?” ಎಂದರು ಅಮಲ್ದಾರರು.

“ಪದುಕ್ಕೆ ಯಜಮಾನ್ರು ಇರಾಕಿಲ್ಲ ಸ್ವಾಮಿ” ಎಂದಳು ದ್ಯಾವಮ್ಮ. ಹಿಂದಿನಿಂದ ಒಬ್ಬೊಬ್ಬರೇ, “ನಾನೂ ಏಳಿವ್ನಿ”, “ನಾನೂವೆ ಸ್ವಾಮಿ” ಎಂದರು.

ಓದು ಎಂದು ನನಗೆ ಅಪ್ಪಣೆಯಾಯಿತು. ಓದಿದೆ. ಹಾಗೆ ಒಣ ಓದಿನಲ್ಲಿ ಅದರಲ್ಲಿ ಏನೂ ಇರಲಿಲ್ಲ. ಅಮಲ್ದಾರರು ಮೂಗು ಒರೆಸಿಕೊಂಡು, “ನೀರಿನ ವಿಚಾರ. ಇದರಲ್ಲೇನು ರಾಜದ್ರೋಹ?” ಎಂದರು. ನನಗೆ ಹೋದ ಜೀವ ಬಂದ ಹಾಗಾಯಿತು. ಆದರೆ ದಫೇದಾರರು ಬಿಡಬೇಕಲ್ಲ! “ಹಾಡಿದ್ರೆ ಗೊತ್ತಾಗ್ತದೆ ಸ್ವಾಮಿ. ಹಾಡಲೋ!” ಎಂದರು.

ಹತ್ತು ದಿನ ಕೇಳಿದ ಕಿವಿ. ಧಾಟಿ ಸರಿಯಾಗಿಯೇ ಬಂತು. ಬೇಡಿಯ ಸೊಲ್ಲಿನ ಕೊನೆಗೆ, ಉಸಿರು ತೆಗೆದುಕೊಳ್ಳಲು ನಿಲ್ಲಿಸಿದೆ. ನಾಟಿಯಲ್ಲಿ ಅಲ್ಲಿ ನಿಲ್ಲಿಸಿದರೆ ಉಳಿದವರು ಎತ್ತಿಕೊಳ್ಳಬೇಕು. ಆ ಹೆಂಗಸರು ಅದು ಕಚೇರಿ ಎನ್ನುವುದನ್ನು ಮರೆತು, ಅಭ್ಯಾಸಬಲದಿಂದ, ಹನ್ನೊಂದು ಬಾಯೂ ಒಂದೇ ಸಲ ಎತ್ತಿಕೊಂಡವು. ಹೊರಗೆ ಜಗುಲಿಯಲ್ಲಿ ಕಾದಿದ್ದ ರೈತರೂ ಸೇರಿಕೊಂಡರು. ಕಚೇರಿಯ ಜವಾನನ ತುಟಿಯೂ ಅಲುಗಿದ್ದನ್ನು ನಾನೇ ಕಂಡೆ. ಅಮಲ್ದಾರರ ಮುಖ ಬಿಗಿಯಿತು. ಊರೂರಿಗೆ ಹಬ್ಬಿದ್ದ ಪದ ಇದೇ ಎಂದು ಈಗ ಅವರಿಗೆ ಗೊತ್ತಾಗಿತ್ತು.

“ಈ ಹೆಸರು ಬರೆದವನು ನೀನೇನಾ? ಈಕೆಯ ಬಾಯಿಂದಲೇ ಮೊದಲು ಕೇಳಿದೆಯಾ?” ಎಂದು ಕೇಳಿದರು.

ಮಳೆಯ ಸದ್ದಿತ್ತು ಸ್ವಾಮಿ, ಯಾರು ಮೊದಲು ಎತ್ತಿದರೋ ತಿಳಿಯಲಿಲ್ಲ ಎನ್ನಬಹುದಿತ್ತು. ಹನ್ನೆರಡು ಜನರೂ ಒಟ್ಟಿಗೆ ಹೇಳಿದರು ಎನ್ನಬಹುದಿತ್ತು. ಐದು ದಿನ ಓಡಾಡುತ್ತಾ ಇವೇ ಮಾತುಗಳನ್ನು ಬಾಯಿಪಾಠ ಮಾಡಿಕೊಂಡಿದ್ದೆ. ದಫೇದಾರರು ನನ್ನನ್ನೇ ನೋಡುತ್ತಿದ್ದರು. ನೌಕರಿ ಹೋದರೆ ಅಬ್ಬಾನ ಮುಖ ಹೇಗಾಗುತ್ತದೆ ಎಂಬುದೊಂದೇ ಕಣ್ಣ ಮುಂದೆ ಬಂತು.

“ಹೌದು ಸ್ವಾಮಿ” ಎಂದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಅಮಲ್ದಾರರು ಅವಳಿಗೆ ಇನ್ನೂ ಒಂದು ದಾರಿ ತೋರಿಸಿದರು. “ನೋಡಮ್ಮ, ಈ ಪದ ಬಿಟ್ಟುಬಿಡ್ತೀನಿ, ಇನ್ನು ಹಾಡಲ್ಲ ಅಂತ ಹೇಳಿ ಹೆಬ್ಬೆಟ್ಟು ಒತ್ತು. ಮನೆಗೆ ಹೋಗು.”

“ಬುಡಾಕೆ ಅದು ನಂದಲ್ಲ ಸ್ವಾಮಿ. ನನ್ ಒಟ್ಲು ಬಲೀತದೆ. ನಾಟಿ ಮುಗುಸ್ಕಂಡ್ ಬತ್ತೀನಿ, ಆಮೇಲೆ ಎಷ್ಟ್ ದಿನಾನಾದ್ರೂ ಮಡಿಕಳಿ.”

ಅದಕ್ಕೆ ಕಾನೂನಿನಲ್ಲಿ ಅವಕಾಶವಿರಲಿಲ್ಲ. ಒಂದು ತಿಂಗಳು ಸಜೆಯಾಯಿತು. ಕರೆದುಕೊಂಡು ಹೋಗುವಾಗ ಅವಳು ನನ್ನ ಹತ್ತಿರ ಒಂದು ಗಳಿಗೆ ನಿಂತಳು. ಉಗಿಯುತ್ತಾಳೆ ಎಂದುಕೊಂಡೆ. ಉಗಿದಿದ್ದರೆ ಚೆನ್ನಾಗಿತ್ತು.

“ಸುಳ್ಳೇನ್ ಏಳ್ನಿಲ್ಲ ಬುಡು ನೀನು. ಚೆನ್ನಾಗಾಡ್ದೆ” ಎಂದು ಹೊರಟುಹೋದಳು.

ಮೂರನೆಯ ದಿನ ಪೇಟ ಪಟ್ಟಿ ಎಲ್ಲ ಬಿಟ್ಟು, ಪಂಚೆ ಉಟ್ಟು ಅವಳ ಗದ್ದೆಗೆ ಹೋದೆ. ಆ ಹನ್ನೊಂದು ಜನ ಅಲ್ಲಿ ನೆಡುತ್ತಿದ್ದರು. ಎಡತುದಿಯಲ್ಲಿ ಒಂದು ಆಳಿನ ಜಾಗ ಹಾಗೇ ಬಿಟ್ಟಿದ್ದರು. ಯಾರ ಬಾಯಲ್ಲೂ ಪದವಿಲ್ಲ. ಪದವಿಲ್ಲದೆ ಕೈಗಳು ಜೊತೆಗೂಡುತ್ತಿರಲಿಲ್ಲ. ಒಬ್ಬರದು ಮುಂದೆ, ಒಬ್ಬರದು ಹಿಂದೆ, ಕಾಲು ಭಾಗವೂ ಮುಗಿದಿರಲಿಲ್ಲ. ಬಲಿಯುತ್ತಿದ್ದ ಪೈರು ಬದುವಿನ ಮೇಲೆ ಕಟ್ಟು ಕಟ್ಟು ಬಿದ್ದಿತ್ತು. ಆ ಬಯಲಲ್ಲಿ ಅವತ್ತು ಯಾವ ಗದ್ದೆಯಿಂದಲೂ ಹಾಡು ಕೇಳಲಿಲ್ಲ. ಬಾಯಿ ಬಿಟ್ಟರೆ ಹೆಸರು ಬರೆದುಕೊಳ್ಳುತ್ತಾರೆ ಎಂದು ಊರೂರಿಗೆ ಸುದ್ದಿಯಾಗಿತ್ತು. ತಮಟೆ ಹೊಡೆಸಿ ಸಾರಿದರೂ ಆಗದಿದ್ದ ಕೆಲಸವನ್ನು ನನ್ನ ದುಂಡಕ್ಷರ ಮಾಡಿತ್ತು.

ಚಪ್ಪಲಿ ಬಿಚ್ಚಿ ಇಳಿಯಲು ಹೋದೆ. ಅವರಲ್ಲಿ ಹಿರಿಯಳಾದ ಒಬ್ಬಾಕೆ ಬಂದು ಪೈರಿನ ಕಟ್ಟು ಅಡ್ಡ ಇಟ್ಟಳು.

“ಬರೀ ನೆಡಾದು ಬ್ಯಾಡ ಸಾಬ್ರೆ, ಅದು ನಮ್ಗೂ ಬತ್ತದೆ. ಕಚೇರೀಲಿ ಅವ್ರು ಕೇಳುದ್ರು, ಏಳುದ್ರಿ. ಈಗ ನಾವ್ ಕೇಳ್ತಿದ್ದೀವಿ. ಎತ್ತಿ ಸೊಲ್ಲ. ಕೈ ಓಡ್ಲಿ.”

ಹನ್ನೊಂದು ಜನರೂ ಬಗ್ಗಿದಲ್ಲೇ ಕಾದರು. ಬಾಯಿ ತೆರೆದೆ. ಬರಲಿಲ್ಲ. ರಸ್ತೆಯ ಕಡೆ ಯಾರಾದರೂ ನಿಂತಿದ್ದಾರಾ ಎಂದು ತಿರುಗಿ ನೋಡಿದೆ. ನೋಡಿದ್ದನ್ನು ಅವರೂ ನೋಡಿದರು. ಹಿರಿಯಾಕೆ ಕಟ್ಟನ್ನು ಎತ್ತಿಕೊಂಡು ಹೋದಳು. ನಾನು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಬಂದುಬಿಟ್ಟೆ. ವಾರದೊಳಗೆ ಬೇಡಿಕೊಂಡು ಹೆಗ್ಗಡದೇವನಕೋಟೆ ಕಡೆಗೆ ವರ್ಗ ಮಾಡಿಸಿಕೊಂಡೆ. ಆ ಪೈರು ತೆಂಡೆ ಒಡೆಯಿತೋ ಇಲ್ಲವೋ ಎಂದು ಕೇಳುವ ಮುಖ ನನಗಿರಲಿಲ್ಲ. ಅಲ್ಲಿಂದ ಈಚೆಗೆ ಯಾವ ಊರಲ್ಲೂ ನೆಲೆ ನಿಂತು ಕೂತವನಲ್ಲ.

ಹೋದ ಶ್ರಾವಣದ ಮಾತು ಹೇಳುತ್ತಿದ್ದೆ. ಬಸ್ಸಿನಿಂದ ಇಳಿದು, ನೋಡುತ್ತಿದ್ದ ಹಾಗೇ ಬದುವಿನ ಮೇಲೆ ಬಹಳ ದೂರ ಹೋಗಿಬಿಟ್ಟಿದ್ದೆ. ನಾಟಿ ಮಾಡುತ್ತಿದ್ದವರಲ್ಲಿ ಒಬ್ಬ ಹುಡುಗಿ ನಗುತ್ತಾ ಬಂದು ಪೈರಿನ ಕಟ್ಟು ಅಡ್ಡ ಇಟ್ಟಳು. ಜೇಬಿಗೆ ಕೈ ಹಾಕಿದೆ. “ದುಡ್ಡಿರ್ಲಿ ತಾತ. ಪದ ಬತ್ತದಾ?” ಎಂದಳು.

ಬಂತು. ಎಪ್ಪತ್ತು ಹತ್ತಿರವಾದ ಗಂಟಲಿನಿಂದ ಬಾಯಿಗೆ ಬೀಗ ಜಡಿದ ಸೊಲ್ಲು ಎತ್ತಿದೆ. ಬೇಡಿಯ ಕೊನೆಗೆ ಉಸಿರು ಸಾಲದೆ ನಿಂತೆ. ಇಡೀ ಸಾಲು ಎತ್ತಿಕೊಂಡಿತು, ಒಂದಕ್ಷರ ತಪ್ಪದೆ. ನನ್ನ ಕೈಯಿಂದ ಕೊಡೆ ಬಿತ್ತು.

“ಈ ಪದ ನಿಮಗೆ ಹೇಗೆ ಗೊತ್ತವ್ವ?”

“ಯಾಕ್ ಗೊತ್ತಿಲ್ಲ? ಪೊಲೀಸಪ್ಪನ ಪದ ಅಲ್ವಾ ಇದು?” ಎಂದಳು ನಡುವಯಸ್ಸಿನವಳೊಬ್ಬಳು. “ನಮ್ಮತ್ತೆ ಕಾಲುದ್ದು. ಇದ್ನ ಆಡಿ ಜೈಲ್ಗೋಗ್ಬಂದ ಒಬ್ಬಮ್ಮ ಇದ್ಲಂತೆ. ಬಂದೋಳೇ ಮತ್ತೆ ಇದ್ನೇ ಏಳಾಳಂತೆ. ಯಾರ್ ಬಂದು ಕೇಳುದ್ರೂ, ‘ಇದು ಪೊಲೀಸಪ್ಪನ ಪದ, ಕಚೇರೀಲಿ ಅವ್ನೇ ನಿಂತ್ಕಂಡು ಏಳ್ಕೊಟ್ಟದ್ದು, ಓಗಿ ಅವ್ನ ಇಡ್ಕಳಿ’ ಅಂತ ಗದರ್ಸಾಳಂತೆ. ಆಮೇಲೆ ಎಲ್ರೂ ಅಂಗೇ ಅನ್ನಾಕೆ ಸುರು ಮಾಡುದ್ರು. ಯಾರ್ನೂ ಇಡೀನಿಲ್ಲ.”

ದೂರದಲ್ಲಿ ಬಸ್ಸು ಹಾರ್ನ್ ಹೊಡೆಯುತ್ತಿತ್ತು.

“ಆ ಅಮ್ಮನ ಹೆಸರೇನು?” ಎಂದೆ.

“ಅದ್ಯಾರ್ಗ್ ಗೊತ್ತು ತಾತ? ಪೊಲೀಸಪ್ಪನ ಎಸ್ರೊಂದು ಉಳ್ಕತು.”

“ದ್ಯಾವಮ್ಮ” ಎಂದೆ. “ಹೊಂಗೆಕೊಪ್ಪಲಿನ ದ್ಯಾವಮ್ಮ.”

“ನಿಮ್ಗೆಂಗ್ ಗೊತ್ತು?”

“ಬರ್ಕೊಂಡೋನು ನಾನೇ ಕಣವ್ವ” ಎಂದು, ಚಪ್ಪಲಿ ಬಿಚ್ಚಿ ಎಡತುದಿಯಲ್ಲಿ ಇಳಿದೆ.